ಭಾವನ ಸೊಟ್ಟ ಬಂದೂಕು

ನಮ್ಮ ಭಾವ ಬಂದೂಕು ಎತ್ತಿ ಹಿಡಿದಾಗ ಇಡೀ ಹೊಳೆನರಸೀಪುರದಲ್ಲಿ ಅತ್ಯಂತ ಸುರಕ್ಷಿತವಾದ ಜಾಗ ಯಾವುದು ಗೊತ್ತೆ? ಅವರು ಗುರಿ ಇಟ್ಟ ಜಾಗ! ಅಲ್ಲಿ ನೀವು ಧೈರ್ಯವಾಗಿ ಚಾಪೆ ಹಾಸಿ ಮಲಗಬಹುದು. ಅಕ್ಕಪಕ್ಕದವರು ಮಾತ್ರ ಸ್ವಲ್ಪ ಹುಷಾರಾಗಿರಬೇಕು.

ಬಂದೂಕು ಅಂದೆ ಅಂತ ಗಾಬರಿಯಾಗಬೇಡಿ. ಅದು ಏರ್ ಗನ್ನು. ಬಲೂನು ಒಡೆಯುವ ಅಂಗಡಿಗಳಲ್ಲಿ ಇರುತ್ತದಲ್ಲ, ನಳಿಗೆಯನ್ನು ಮಂಡಿಯ ಮೇಲೆ ಬಗ್ಗಿಸಿ ಮೆಣಸುಕಾಳಿನಷ್ಟು ಸೀಸದ ಗುಂಡು ತೂರಿಸಿ ಹೊಡೆಯುವುದು, ಅದೇ. ಭಾವನೇನು ಬೇಟೆಗಾರರೂ ಅಲ್ಲ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬಚ್ಚಲುಮನೆಗೆ ಜಿರಲೆ ಬಂದರೆ ಅದನ್ನು ಪೊರಕೆಯ ಮೇಲೆ ಹತ್ತಿಸಿಕೊಂಡು ಬೀದಿಯವರೆಗೂ ಬಿಟ್ಟು ಬರುವ ಜನ. ಇಂಥವರಿಗೆ ಬಂದೂಕಿನ ಹುಚ್ಚು ಹೇಗೆ ಹಿಡಿಯಿತು ಅಂತ ನೀವು ಕೇಳಬೇಕು. ನಾನು ಹೇಳಲೇಬೇಕು, ಯಾಕೆಂದರೆ ಅದರಲ್ಲಿ ನನ್ನದೂ ಒಂದು ಪಾಲಿದೆ.

ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ಅರಕಲಗೂಡಿನಿಂದ ನಮ್ಮಕ್ಕನನ್ನು ಹೊಳೆನರಸೀಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದೆವು. ಹುಡುಗ ಮೇಷ್ಟ್ರು, ಒಳ್ಳೆಯ ಮನೆತನ, ಕಾಫಿ ಬಿಟ್ಟರೆ ಬೇರೆ ಚಟವಿಲ್ಲ. ಆದರೆ ಮದುವೆಯಾದ ಮೇಲೆ ಗೊತ್ತಾಯಿತು, ಒಂದು ಚಟವಿದೆ. ತಿದ್ದುವುದು! ಶಾಲೆಯಲ್ಲಿ ತಿದ್ದಿ ಮುಗಿಯದ್ದನ್ನು ಮನೆಗೆ ಬಂದು ತಿದ್ದುತ್ತಿದ್ದರು. ಅಕ್ಕ ಇಟ್ಟ ರಂಗೋಲಿಯಲ್ಲಿ ಒಂದು ಚುಕ್ಕಿ ಕಮ್ಮಿ ಎನ್ನುತ್ತಿದ್ದರು. ಇಡ್ಲಿಗಳನ್ನು ಸಾಲಾಗಿ ಜೋಡಿಸಿ, "ಇದಕ್ಕೂ ಇದಕ್ಕೂ ವ್ಯಾಸದಲ್ಲಿ ವ್ಯತ್ಯಾಸ ಇದೆ ನೋಡು" ಎನ್ನುತ್ತಿದ್ದರು. ಅಕ್ಕ ಬರೆದ ದಿನಸಿ ಚೀಟಿಯ ಕಾಗುಣಿತವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅಂಗಡಿಗೆ ಕಳಿಸುತ್ತಿದ್ದರಂತೆ. ಶೆಟ್ಟರು ಆ ಚೀಟಿಗೆ ಎಷ್ಟು ಅಂಕ ಬಂತು ಅಂತ ನೋಡಿ ಆಮೇಲೆ ಬೇಳೆ ಕಟ್ಟುತ್ತಿದ್ದರೋ ಏನೋ!

ಮದುವೆಯಾದ ಮೊದಲ ದೀಪಾವಳಿಗೆ ಅಳಿಯ ಮಗಳು ಅರಕಲಗೂಡಿಗೆ ಬಂದರು. ಅಕ್ಕನ ಜೊತೆ ಒಂದು ದೊಡ್ಡ ಟ್ರಂಕೂ ಬಂತು. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಅದನ್ನು ಹೊತ್ತವನು ನಾನೇ. ಮೂರು ದಿನದ ಹಬ್ಬಕ್ಕೆ ಇಷ್ಟೊಂದು ಸೀರೆಯೇ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೆ. ಎಣ್ಣೆ ನೀರಾದ ಮಾರನೆಯ ದಿನ ಅಮ್ಮ, "ಹಾಸನಾಂಬೆ ಬಾಗಿಲು ಮುಚ್ಚೋದರೊಳಗೆ ಇಬ್ರೂ ದರ್ಶನ ಮಾಡ್ಕೊಂಡು ಬನ್ನಿ" ಎಂದಳು. ಹೊಸ ಜೋಡಿಯ ಹಿಂದೆ ಹುಡುಗಿಯ ತಮ್ಮ ಹೋಗುವುದು ನಮ್ಮಲ್ಲಿ ಪದ್ಧತಿ. ನಾನಾಗ ಡಿಗ್ರಿ ಓದುತ್ತಿದ್ದ ದೊಡ್ಡ ಗೂಳಿ, ಆದರೂ ಹೋದೆ.

ದರ್ಶನ ಮುಗಿಸಿ ಹೊರಗೆ ಬಂದರೆ ಮೈದಾನದಲ್ಲಿ ಸಾಲು ಸಾಲು ಅಂಗಡಿ. ಒಂದು ಕಡೆ ಹಲಗೆಯ ಮೇಲೆ ಬಲೂನು ಅಂಟಿಸಿದ್ದರು. ಹತ್ತಕ್ಕೆ ಹತ್ತು ಒಡೆದರೆ ಗೋಡೆ ಗಡಿಯಾರ! ಅಕ್ಕ ಆ ಗಡಿಯಾರವನ್ನು ಒಂದು ಕ್ಷಣ ನೋಡಿದಳು, ಅಷ್ಟೇ. ಭಾವ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟರು. "ದೂರ ಹನ್ನೆರಡು ಅಡಿ. ಬಲೂನಿನ ವ್ಯಾಸ ಆರಂಗುಲ. ತಪ್ಪೋ ಸಾಧ್ಯತೆಯೇ ಇಲ್ಲ ಕಣೋ" ಎಂದು ಬಂದೂಕು ಎತ್ತಿದರು.

ಹತ್ತು ಹೊಡೆದರು. ಒಂದೂ ಒಡೆಯಲಿಲ್ಲ. ಮತ್ತೆ ಹತ್ತು ಹೊಡೆದರು. ಗುಂಡುಗಳು ಹಲಗೆಗೆ ಬಿದ್ದವು, ಹಿಂದಿನ ಪರದೆಗೆ ಬಿದ್ದವು, ಒಂದು ಅಂಗಡಿಯವನ ಟೀ ಲೋಟಕ್ಕೂ ಬಿತ್ತು. ಬಲೂನುಗಳು ಮಾತ್ರ ಗಾಳಿಗೆ ಮೆಲ್ಲಗೆ ತಲೆದೂಗುತ್ತಿದ್ದವು. ಭಾವ ಬಂದೂಕು ಕೆಳಗಿಟ್ಟು ಅಂಗಡಿಯವನಿಗೆ ಗಂಭೀರವಾಗಿ, "ನಿಮ್ಮ ಬಲೂನುಗಳು ಬಹಳ ಚುರುಕಾಗಿವೆ" ಎಂದರು.

ಮೊದಲು ನಕ್ಕವನು ನಾನು. ಆಮೇಲೆ ನಕ್ಕವಳು ಅಕ್ಕ. ನಾನು ಒಂದು ನಿಮಿಷಕ್ಕೆ ನಿಲ್ಲಿಸಿದೆ, ಅವಳು ನಿಲ್ಲಿಸಲೇ ಇಲ್ಲ. ಸೆರಗು ಬಾಯಿಗೆ ತುರುಕಿಕೊಂಡು, ಡೇರೆಯ ಗಳ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಭಾವನ ಕಿವಿಗಳು ಕೆಂಪಾದವು. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಟಿಕೀಟಿನ ಹಿಂದೆ ಅಡಿ, ಅಂಗುಲದ ಲೆಕ್ಕ ಹಾಕುತ್ತಿದ್ದರು. ಅಕ್ಕ ಕಿಟಕಿಯ ಕಡೆ ತಿರುಗಿಕೊಂಡು ಆಗಾಗ ಭುಜ ಕುಣಿಸುತ್ತಿದ್ದಳು.

ಅವತ್ತು ಶುರುವಾಯಿತು ನೋಡಿ. ಅಕ್ಕನ ಕಣ್ಣೆದುರಿಗೇ, ಅದೇ ಮೈದಾನದಲ್ಲಿ, ಹತ್ತಕ್ಕೆ ಹತ್ತು ಒಡೆಯಬೇಕು. ಅದಕ್ಕೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಸ್ವಂತ ಬಂದೂಕು ಬೇಕು. ಮೇಷ್ಟ್ರ ಸಂಬಳದಲ್ಲಿ ಸ್ವಂತ ಬಂದೂಕು ಎಲ್ಲಿಂದ ಬರಬೇಕು?

ಭಾವ ಬಂದೂಕು ಆರಿಸಲು ಮೂರು ವರ್ಷ ತೆಗೆದುಕೊಂಡರು. ಹೆಣ್ಣು ನೋಡಲು ಮೂರು ವಾರ ಸಾಕಾಗಿತ್ತು! ಹಾಸನದಲ್ಲಿ ಏರ್ ಗನ್ ಇಟ್ಟಿದ್ದ ಅಂಗಡಿಗೆ ತಿಂಗಳಿಗೊಂದು ಭಾನುವಾರ ತಪ್ಪದೆ ಹೋಗುತ್ತಿದ್ದರು. ಪ್ರತಿಯೊಂದನ್ನೂ ಎತ್ತುತ್ತಿದ್ದರು, ನಳಿಗೆ ಬಗ್ಗಿಸುತ್ತಿದ್ದರು, ಮರದ ಹಿಡಿಯನ್ನು ಮೂಸಿ ನೋಡುತ್ತಿದ್ದರು. "ಇದರ ಸ್ಪ್ರಿಂಗು ಎಷ್ಟು ವರ್ಷ ಬರುತ್ತೆ? ವಾಷರ್ ಹೋದರೆ ಇಲ್ಲೇ ಹಾಕಿಸಬಹುದಾ? ಹಿಡಿ ಬೀಟೆಯೋ, ಬರೀ ಬಣ್ಣವೋ?" ಒಂದು ದಿನ ನಾನೂ ಜೊತೆಗಿದ್ದೆ. ಅಂಗಡಿಯವನು ನನ್ನ ಕಿವಿಯ ಹತ್ತಿರ ಬಂದು, "ಸಾ, ನಿಮ್ ಭಾವಾರಿಗೆ ನಾನೇ ದುಡ್ ಕೊಡ್ತೀನಿ, ಬ್ಯಾರೆ ಅಂಗ್ಡೀಲಿ ತಗೊಳಕ್ ಏಳಿ ಸಾ" ಎಂದ.

ಕೊನೆಗೆ ಬಂದೂಕು ಸಿಕ್ಕಿದ್ದು ಎಲ್ಲಿ ಅಂತೀರಿ? ಅದೇ ಮೈದಾನದಲ್ಲಿ, ಅದೇ ಬಲೂನು ಅಂಗಡಿಯವನ ಹತ್ತಿರ! ಅವನಿಗೆ ವಯಸ್ಸಾಗಿ ವ್ಯಾಪಾರವನ್ನು ಮಗಳಿಗೆ ಬಿಡುವವನಿದ್ದ. ಹಳೆಯ ಬಂದೂಕೊಂದನ್ನು ಕಮ್ಮಿ ಕಾಸಿಗೆ ಕೊಡುತ್ತೇನೆಂದ. ಭಾವನ ಮುಖ ಅರಳಿತು. "ಲಕ್ಷ ಬಲೂನು ಕಂಡಿರೋ ಅನುಭವಸ್ಥ ಬಂದೂಕು ಕಣೋ ಇದು. ಹೊಸದು ತಗೊಂಡು ಅದಕ್ಕೆ ನಾವು ಪಾಠ ಹೇಳೋದಕ್ಕಿಂತ, ಕಲಿತಿರೋದನ್ನೇ ತಗೊಳ್ಳೋದು ಲಾಭ" ಎಂದರು. ಲೋಕದಲ್ಲಿ ಯಾವ ಬುದ್ಧಿವಂತನಾದರೂ ಬಲೂನು ಅಂಗಡಿಯ ಬಂದೂಕನ್ನು ದುಡ್ಡು ಕೊಟ್ಟು ಕೊಳ್ಳುತ್ತಾನೆಯೇ? ಗಣಿತದ ಮೇಷ್ಟ್ರು ಕೊಂಡರು.

ನಾನು ಅರಕಲಗೂಡಿನ ಬಸ್ಸು ಹತ್ತಿದ ಮೇಲೆ ಅವರೊಬ್ಬರೇ ಅದನ್ನು ಮನೆಗೆ ತಂದದ್ದೂ ಒಂದು ಕಥೆ. ಬಸ್ಸಿನಲ್ಲಿ ಬಂದೂಕು ಹಿಡಿದು ಕೂತರೆ ಜನ ಏನಂದುಕೊಂಡಾರು ಅಂತ ಒಂದು ಚಾಪೆ ಕೊಂಡು ಅದರೊಳಗೆ ಸುತ್ತಿದರು. ಹಾಸನ ಬಿಟ್ಟು ಎರಡು ಮೈಲಿಯಾಗಿರಲಿಲ್ಲ, ಕಂಡಕ್ಟರು ಬಂದ.

"ಏನ್ ಸಾ ಅದು, ಚಾಪೆ ಒಳ್ಗೆ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಭಾವ ತಡವರಿಸಿ, "ನಾದಸ್ವರ" ಎಂದುಬಿಟ್ಟರು.

ಮುಗಿಯಿತು! ಪಕ್ಕದ ಸೀಟಿನ ಅಜ್ಜ ಇವರ ಕಡೆಗೇ ತಿರುಗಿ ಕೂತ. "ಯಾವೂರ್ ಮದ್ವೇಗ್ ಓಯ್ತಿದ್ದೀರಿ ಸ್ವಾಮಿ? ನಮ್ ಮೊಮ್ಮಗಳ್ದೂ ಐತೆ ಕಾರ್ತೀಕದಲ್ಲಿ. ಎಷ್ಟ್ ತಗೊಂತೀರಿ? ವಸಿ ಊದಿ ಮತ್ತೆ, ಕೇಳಾನ." ಹಿಂದಿನ ಸೀಟಿನ ಹೆಂಗಸರೂ, "ಊದಿ ಊದಿ" ಎಂದರು. ಡ್ರೈವರು ಕೂಡ ಬಸ್ಸನ್ನು ಸ್ವಲ್ಪ ನಿಧಾನ ಮಾಡಿದ, ಸದ್ದು ಕಮ್ಮಿಯಾಗಲಿ ಅಂತ. ಭಾವ ದಾರಿಯಲ್ಲಿ ಮೊಸಳೆ ಎಂಬ ಊರು ಬಂದ ತಕ್ಷಣ ಇಳಿದುಬಿಟ್ಟರು. ಅಲ್ಲಿನ ಜೋಡಿ ಗುಡಿಗಳ ಹತ್ತಿರ ಹೋಗಿ ನೆರಳಿನಲ್ಲಿ ಒಂದು ಗಂಟೆ ಕೂತು, ಮುಂದಿನ ಬಸ್ಸು ಹಿಡಿದು ಮನೆ ಸೇರಿದರು. ಅಕ್ಕ ಬಾಗಿಲು ತೆಗೆದು, "ಚಾಪೆ ಇತ್ತಲ್ಲಾ ಮನೇಲಿ, ಯಾಕೆ ತಂದ್ರಿ?" ಎಂದಳಂತೆ.

ಹಿತ್ತಲಿನ ಸೀಬೆಮರಕ್ಕೆ ಬಿಸ್ಕತ್ತಿನ ಡಬ್ಬದ ಮುಚ್ಚಳ ಕಟ್ಟಿ, ಹಿಂದೆ ಮಣ್ಣು ತುಂಬಿದ ಮೂಟೆಗಳನ್ನು ಜೋಡಿಸಿ ಅಭ್ಯಾಸ ಶುರುವಾಯಿತು. ಮುಚ್ಚಳಕ್ಕೆ ಹೊಡೆದರೆ ಬಲಗಡೆಯ ಮೂಟೆಗೆ ಬೀಳುತ್ತಿತ್ತು. ಎಷ್ಟು ಹೊಡೆದರೂ ಬಲಗಡೆಯ ಮೂಟೆಗೇ! ಭಾವ ಹದಿನೈದು ದಿನ ತಲೆ ಕೆಡಿಸಿಕೊಂಡರು. ಕೊನೆಗೆ ನಳಿಗೆಯ ಪಕ್ಕದಲ್ಲಿ ದಾರ ಹಿಡಿದು ನೋಡಿದಾಗ ಸತ್ಯ ಹೊರಬಿತ್ತು. ನಳಿಗೆಯ ತುದಿಯಲ್ಲಿ ಗುರಿ ನೋಡುವ ಮೊಳೆಯನ್ನು ಯಾರೋ ಜಾಣತನದಿಂದ ಒಂದು ಪಕ್ಕಕ್ಕೆ ಬಗ್ಗಿಸಿದ್ದರು. ಗಿರಾಕಿ ಎಲ್ಲ ಬಲೂನು ಒಡೆದುಬಿಟ್ಟರೆ ಅಂಗಡಿಯವನು ಗಡಿಯಾರ ಕೊಟ್ಟು ಕಳಿಸಬೇಡವೇ?

"ನೆಟ್ಟಗೆ ಮಾಡಿಸಿಬಿಡಿ ಭಾವ" ಎಂದೆ.

"ಯಾಕೆ?" ಎಂದರು. "ಅಲ್ಲಿರೋ ಬಂದೂಕುಗಳೆಲ್ಲ ಹೀಗೇ ಸೊಟ್ಟಗಿರುತ್ತವೆ. ಇದನ್ನ ನೆಟ್ಟಗೆ ಮಾಡಿ ಅಭ್ಯಾಸ ಮಾಡಿದರೆ ಅಲ್ಲಿ ಹೋಗಿ ಮತ್ತೆ ನಗೆಪಾಟಲಾಗಬೇಕು. ಸೊಟ್ಟದರಲ್ಲೇ ಪಳಗಬೇಕು ಕಣೋ!"

ತರ್ಕದಲ್ಲಿ ಏನಾದರೂ ತಪ್ಪಿದೆಯೇ ಹೇಳಿ. ಎರಡು ತಿಂಗಳು ಲೆಕ್ಕ ಮಾಡಿ ಸೂತ್ರ ಕಂಡುಹಿಡಿದರು. ನಾಲ್ಕು ಬೆರಳು ಎಡಕ್ಕೆ, ಎರಡು ಬೆರಳು ಮೇಲಕ್ಕೆ. ಅದನ್ನು ಸೀಮೆಸುಣ್ಣದಲ್ಲಿ ಹಿತ್ತಲ ಬಾಗಿಲ ಮೇಲೆ ಬರೆದರು. ಅಲ್ಲಿಂದ ಮುಂದೆ ಮುಚ್ಚಳ ಟಣ್ ಟಣ್ ಎನ್ನತೊಡಗಿತು. ಸೀಬೆಹಣ್ಣಿಗೆ ಬರುತ್ತಿದ್ದ ಕೋತಿಗಳು ಮೊದಮೊದಲು ಸದ್ದಿಗೆ ಹೆದರಿ ಓಡುತ್ತಿದ್ದವು. ಆಮೇಲೆ ಅವಕ್ಕೂ ಸೂತ್ರ ತಿಳಿಯಿತು. ಭಾವ ಯಾವ ಕೊಂಬೆಗೆ ಗುರಿ ಇಡುತ್ತಾರೋ ಅದೇ ಕೊಂಬೆಯ ಮೇಲೆ ಬಂದು ಕೂತು ನಿಶ್ಚಿಂತೆಯಿಂದ ಹಣ್ಣು ತಿನ್ನುತ್ತಿದ್ದವು.

ಇನ್ನು ಬಂದೂಕಿನ ಆರೈಕೆ! ಬಾಣಂತಿಗೂ ಅಷ್ಟು ಮಾಡುವುದಿಲ್ಲ. ಗವಸು ಹೊಲಿದದ್ದು ಅಕ್ಕನ ಹಳೆಯ ಲಂಗದಿಂದ, ಅಂಚಿನಲ್ಲಿ ಲೇಸು ಹಾಗೇ ಉಳಿದಿತ್ತು. ನಳಿಗೆ ಉಜ್ಜಲು ಮುರಿದ ಕೊಡೆಯ ಕಡ್ಡಿ, ಅದರ ತುದಿಗೆ ಹಳೆಯ ಪಂಚೆಯ ಚೂರು. ಒಳಗಿನ ಚರ್ಮದ ವಾಷರ್ ಸವೆದು ಗಾಳಿ ಸೋರತೊಡಗಿದಾಗ ಹೊಸದು ತರಿಸಲಿಲ್ಲ. ತಮ್ಮ ಹಳೆಯ ಚಪ್ಪಲಿಯನ್ನು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವನ ಬಳಿ ಹೋದರು. "ಇದರಲ್ಲಿ ಕಾಸಗಲ ದುಂಡಗೆ ಕತ್ತರಿಸಿಕೊಡಪ್ಪ. ಅಂಚು ಒಂದು ಕೂದಲೆಳೆಯೂ ಹೆಚ್ಚುಕಮ್ಮಿ ಆಗಬಾರದು."

ಅವನು ಚಪ್ಪಲಿಯನ್ನೂ ಮೇಷ್ಟ್ರನ್ನೂ ನೋಡಿದ. "ಸಾ, ಅಂಗ್ ಮಾಡುದ್ರೆ ಮೆಟ್ಗೆ ತೂತಾಯ್ತದೆ ಕಣ್ ಸಾ. ಮೆಟ್ಟಕ್ ಆಗಾಕಿಲ್ಲ."

"ಅದನ್ನ ಮೆಟ್ಟೋಕಲ್ಲ, ಬಂದೂಕಿಗೆ."

"ಬಂದೂಕ್ಗೂ ಮೆಟ್ಟ್ ಆಕ್ತೀರಾ ಸಾ?" ಎಂದು ಅವನು ಕೈಮುಗಿದ. ಆದರೆ ಅವನು ಕತ್ತರಿಸಿಕೊಟ್ಟ ವಾಷರ್ ಮಾತ್ರ ಐದು ವರ್ಷ ಬಂತು. ಇದನ್ನು ಹೇಳುವಾಗ ಭಾವನ ಎದೆ ಈಗಲೂ ಉಬ್ಬುತ್ತದೆ.

ಗುಂಡಿನ ವಿಷಯದಲ್ಲೂ ಅಷ್ಟೇ. ಹೊಡೆದ ಗುಂಡುಗಳನ್ನು ಮೂಟೆಯ ಮಣ್ಣಿನಿಂದ ಜರಡಿ ಹಿಡಿದು ಆರಿಸಿ, ಹಲಗೆಯ ನಡುವೆ ಉರುಳಿಸಿ ದುಂಡಗೆ ಮಾಡಿ ಮತ್ತೆ ಹೊಡೆಯುತ್ತಿದ್ದರು. ಅವನ್ನಿಡಲು ಅಕ್ಕನ ಒಗ್ಗರಣೆ ಡಬ್ಬಿ ಮಾಯವಾಯಿತು. ಆ ಏಳು ಬಟ್ಟಲುಗಳಲ್ಲಿ ಒಂದರಲ್ಲಿ ಹೊಸ ಗುಂಡು, ಒಂದರಲ್ಲಿ ಒಮ್ಮೆ ಹೊಡೆದದ್ದು, ಇನ್ನೊಂದರಲ್ಲಿ ಎರಡು ಸಲ ಹೊಡೆದದ್ದು, ಹೀಗೆ ಏಳನೆಯ ಬಟ್ಟಲಿನವರೆಗೆ. ಆ ಏಳನೆಯದರಲ್ಲಿ ನಿವೃತ್ತರಾದವರು! ಅಕ್ಕ ಸಾಸಿವೆ ಜೀರಿಗೆಗಳನ್ನು ಕಾಗದದ ಪೊಟ್ಟಣದಲ್ಲಿ ಇಟ್ಟುಕೊಂಡು ಒಂದು ವರ್ಷ ಸಂಸಾರ ಮಾಡಿದಳು. ಕೊನೆಗೆ ನಾನೇ ಚನ್ನರಾಯಪಟ್ಟಣದಲ್ಲಿ ಹೊಸ ಡಬ್ಬಿ ಕೊಂಡು ತಂದುಕೊಟ್ಟೆ. ಅಷ್ಟು ಹೊತ್ತಿಗೆ ನನಗೆ ಆ ಊರಿನಲ್ಲಿ ಕೆಲಸವಾಗಿತ್ತು.

ಎಲ್ಲಕ್ಕಿಂತ ದೊಡ್ಡ ಅನಾಹುತ ಆದದ್ದು ಒಂದು ನರಕಚತುರ್ದಶಿಯ ಬೆಳಿಗ್ಗೆ. ಹಬ್ಬಕ್ಕೆ ಬಂದಿದ್ದ ನಾನೂ ಸೇರಿ ಮನೆಯವರೆಲ್ಲ ಎಣ್ಣೆ ಹಚ್ಚಿಕೊಂಡು ಕೂತಿದ್ದೆವು. ಭಾವನ ತಾಯಿ ಬೆಳ್ಳಿ ಬಟ್ಟಲಲ್ಲಿ ಹರಳೆಣ್ಣೆ ಹಿಡಿದು ಎಲ್ಲರ ನೆತ್ತಿಗೂ ತಟ್ಟುತ್ತಿದ್ದರು. ಬಟ್ಟಲಲ್ಲಿ ಒಂದಿಷ್ಟು ಎಣ್ಣೆ ಉಳಿಯಿತು. ಭಾವ ಏನನ್ನೂ ದಂಡ ಮಾಡುವವರಲ್ಲ. "ಅದಕ್ಕೂ ವರ್ಷಕ್ಕೊಂದು ಅಭ್ಯಂಜನ ಆಗಲಿ" ಎಂದು ಉಳಿದದ್ದನ್ನೆಲ್ಲ ಬಂದೂಕಿನ ಹೊಟ್ಟೆಗೆ ಸುರಿದರು. ಮೇಲೆ ಒಂದು ಕುಂಕುಮದ ಬೊಟ್ಟನ್ನೂ ಇಟ್ಟರು. ಆಮೇಲೆ ಹಿತ್ತಲಿಗೆ ಹೋಗಿ ಹಬ್ಬದ ಮೊದಲ ಗುಂಡು ಹೊಡೆದರು.

ನನಗೆ ಆಮೇಲೆ ತಿಳಿದವರು ಹೇಳಿದರು. ಏರ್ ಗನ್ನಿನೊಳಗೆ ಎಣ್ಣೆ ಜಾಸ್ತಿಯಾದರೆ ಗಾಳಿಯ ಒತ್ತಡಕ್ಕೆ ಅದು ಹೊತ್ತಿಕೊಳ್ಳುತ್ತದಂತೆ. ಅವತ್ತು ನಮಗೇನು ಗೊತ್ತು? ಢಮ್ ಎಂದು ಬೀದಿಯೆಲ್ಲ ಅದುರುವಂಥ ಸದ್ದು! ನಳಿಗೆಯಿಂದ ಕಪ್ಪು ಹೊಗೆ. ಕೋತಿಗಳು ಆ ದಿನ ಬಿಟ್ಟುಹೋದವು, ಒಂದು ವಾರ ತಿರುಗಿ ನೋಡಲಿಲ್ಲ. ಪಕ್ಕದ ಮನೆಯವರು ಟವೆಲಿನಲ್ಲೇ ಬೀದಿಗೆ ಬಂದರು. ಭಾವನ ತಾಯಿ ಬಟ್ಟಲನ್ನು ಕೈಬಿಟ್ಟು "ನರಸಿಂಹಾ" ಎಂದು ಕೂಗಿದರು. ಹೊಗೆಯ ನಡುವೆ ಮೈಯೆಲ್ಲ ಎಣ್ಣೆ, ಮುಖವೆಲ್ಲ ಮಸಿಯಾಗಿ ಭಾವ ನಿಂತಿದ್ದರು. ಅಕ್ಕ ಅಡಿಗೆಮನೆಯಿಂದ ಬಗ್ಗಿ ನೋಡಿ, "ಎಣ್ಣೆ ಹಚ್ಚಿದ ಮೇಲೆ ಸೀಗೆಪುಡಿ ಹಾಕಿ ತೊಳೀಬೇಡ್ವೇನ್ರೀ?" ಎಂದಳು.

ಎಲ್ಲರೂ ನಕ್ಕರು. ಭಾವ ಮಾತ್ರ ನಗಲಿಲ್ಲ. ಅವತ್ತು ಸಂಜೆ ಹಿತ್ತಲಿನ ಕಲ್ಲಿನ ಮೇಲೆ ಕೂತು ಬಂದೂಕನ್ನು ಪಂಚೆಯಲ್ಲಿ ಒರೆಸುತ್ತಾ, ನನ್ನ ಮುಖ ನೋಡದೆ ಒಂದು ಮಾತು ಹೇಳಿದರು. "ನಿಮ್ಮಕ್ಕ ಅವತ್ತು ಹಾಸನದಲ್ಲಿ ನಕ್ಕಿದ್ದು ಜ್ಞಾಪಕ ಇದೆಯೇನೋ? ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಅಷ್ಟು ಜನದ ಮುಂದೆ ಗಂಡನ್ನ ನೋಡಿ ಹಾಗೆ ನಗಬೇಕು ಅಂದರೆ, ಅವಳ ಕಣ್ಣಿಗೆ ನಾನು ಎಷ್ಟು ಕೈಲಾಗದವನಾಗಿ ಕಂಡಿರಬೇಕು! ಅದೊಂದನ್ನ ಸರಿ ಮಾಡಬೇಕು ಕಣೋ."

ಮೊದಲು ನಕ್ಕವನು ನಾನು ಭಾವ, ಅಂತ ಹೇಳಬೇಕಾಗಿತ್ತು. ಹೇಳಲಿಲ್ಲ. ಇನ್ನೊಂದು ಕಜ್ಜಾಯ ಬಾಯಿಗೆ ಹಾಕಿಕೊಂಡೆ.

ಅಂತೂ ಮುಹೂರ್ತ ಕೂಡಿಬಂದದ್ದು ಹೊಸ ಶತಮಾನ ಬಂದು ಎರಡು ಮೂರು ವರ್ಷವಾದ ಮೇಲೆ. ಹಾಗಂತ ಅವರು ನಡುವೆ ಹೋಗಲಿಲ್ಲವೆಂದಲ್ಲ. ಪ್ರತಿ ವರ್ಷ ದರ್ಶನಕ್ಕೆ ಹೋಗುತ್ತಿದ್ದರು, ಬಂದೂಕು ಕೊಂಡ ಮೇಲೆ ಬಲೂನು ಅಂಗಡಿ ಇದ್ದ ಕಡೆಗೆ ಮಾತ್ರ ತಿರುಗುತ್ತಿರಲಿಲ್ಲ. ಆ ವರ್ಷ ಮುಚ್ಚಳದ ಮೇಲೆ ನೂರಕ್ಕೆ ನೂರು ಬಿತ್ತು. ಸಿದ್ಧತೆ ಪೂರ್ತಿಯಾಯಿತು ಎಂದು ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಅಕ್ಕ, ನಾನು, ಭಾವ, ಮೂವರೇ ಹೋದೆವು, ಮೊದಲ ಸಲ ಹೋದ ಹಾಗೆಯೇ.

ಅಂಗಡಿಯಲ್ಲಿ ಆ ಮುದುಕನ ಮಗಳು ನಿಂತಿದ್ದಳು. ಗಟ್ಟಿ ಹೆಂಗಸು. ಹಲಗೆ ಅದೇ, ಗಡಿಯಾರವೂ ಇತ್ತು. ಭಾವ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅಕ್ಕನ ಕಡೆ ಒಮ್ಮೆ ನೋಡಿದರು. ಬಂದೂಕು ಎತ್ತಿ, ಉಸಿರು ಹಿಡಿದು, ನಾಲ್ಕು ಬೆರಳು ಎಡಕ್ಕೆ, ಎರಡು ಬೆರಳು ಮೇಲಕ್ಕೆ ಗುರಿಯಿಟ್ಟು ಹೊಡೆದರು.

ತಪ್ಪಿತು.

ಎರಡನೆಯದು, ಮೂರನೆಯದು, ನಾಲ್ಕನೆಯದು. ಎಲ್ಲ ನಾಲ್ಕು ಬೆರಳು ಎಡಕ್ಕೇ ಹೋಗಿ ಬಿದ್ದವು! ಅಂಗಡಿಯವಳು ತಡೆಯಲಾರದೆ, "ಸಾ, ನೆಟ್ಟಗ್ ಇಡಿ ಸಾ! ನಮ್ಮಪ್ಪನ್ ಕಾಲದ್ ಸೊಟ್ಟ ಗನ್ನೆಲ್ಲ ಎಸೆದ್ಬುಟ್ಟಿವ್ನಿ. ಇವು ಒಸಾವು. ನೆಟ್ಟಗವೆ" ಎಂದಳು.

ಭಾವ ನಂಬಲಿಲ್ಲ. ಬಲೂನು ಅಂಗಡಿಯವರು ನಿಜ ಹೇಳಿದ್ದನ್ನು ಯಾರಾದರೂ ಕೇಳಿದ್ದಾರೆಯೇ? ಅಷ್ಟೂ ವರ್ಷದ ಅಭ್ಯಾಸ ಅವರ ಕೈಯಲ್ಲಿತ್ತು, ಕೈ ನೆಟ್ಟಗೆ ನಿಲ್ಲಲೇ ಇಲ್ಲ. ಒಂಬತ್ತು ಗುಂಡು ಹೋದವು. ಒಂಬತ್ತೂ ತಪ್ಪಿದವು. ಸುತ್ತ ಜನ ಸೇರಿದ್ದರು. ಭಾವನ ಕಿವಿಗಳು ಕೆಂಪಾದವು.

ನಾನು ಈ ಸಲ ನಗಲಿಲ್ಲ, ದೇವರಾಣೆ. ಆದರೆ ಪಕ್ಕದಲ್ಲಿ ಕಿಸಕ್ ಎಂದಿತು. ನೋಡಿದರೆ ಅಕ್ಕ! ಸೆರಗು ಬಾಯಿಗೆ ತುರುಕಿಕೊಂಡು, ಗಳ ಹಿಡಿದುಕೊಂಡು, ಅದೇ ನಗು. ಭಾವ ಬಂದೂಕು ಇಳಿಸಿ ನೆಲ ನೋಡುತ್ತಾ ನಿಂತರು. "ನಗು, ನಗು" ಎಂದರು ಮೆಲ್ಲಗೆ. "ಅವತ್ತೂ ಹೀಗೇ ನಕ್ಕೆ. ನಿನಗೆ ಆಗಲೇ ನಾಚಿಕೆ ಆಗಿತ್ತು, ಗೊತ್ತು ನನಗೆ."

ಅಕ್ಕನ ನಗು ನಿಂತಿತು. "ನಾಚಿಕೇನಾ?" ಎಂದಳು. ಕಣ್ಣು ಒರೆಸಿಕೊಂಡಳು. "ಆ ದೀಪಾವಳಿಗೆ ಊರಿಗೆ ಬಂದಾಗ ಅಮ್ಮನ ಹತ್ರ ಹೇಳಿಬಿಟ್ಟಿದ್ದೆ ಕಣ್ರೀ, ನಾನು ವಾಪಸ್ ಹೋಗಲ್ಲ ಅಂತ. ಎದ್ದರೆ ತಪ್ಪು, ಕೂತರೆ ತಪ್ಪು, ಇಡ್ಲಿ ತಪ್ಪು, ಚುಕ್ಕಿ ತಪ್ಪು. ಒಂದು ತಪ್ಪೂ ಮಾಡದೇ ಇರೋ ಮನುಷ್ಯನ ಜೊತೆ ನಾನು ಹೇಗಮ್ಮ ಬಾಳಲಿ ಅಂತ ಅತ್ತಿದ್ದೆ. ಬಟ್ಟೆ ಎಲ್ಲಾ ತುಂಬ್ಕೊಂಡೇ ಬಂದಿದ್ದೆ. ದರ್ಶನ ಮಾಡ್ಕೊಂಡು ಬಾ, ಆಮೇಲೆ ಮಾತಾಡೋಣ ಅಂದಿದ್ದಳು ಅಮ್ಮ."

ಆ ಟ್ರಂಕು! ನನ್ನ ಭುಜ ಅದರ ಭಾರವನ್ನು ಇಷ್ಟು ವರ್ಷವಾದ ಮೇಲೆ ಮತ್ತೆ ಹೊತ್ತಿತು.

"ಇಪ್ಪತ್ತು ಹೊಡೆದು ಇಪ್ಪತ್ತೂ ತಪ್ಪಿಸಿ, ಬಲೂನು ಚುರುಕಾಗಿವೆ ಅಂದ್ರಲ್ಲ, ಆ ಕೆಂಪು ಕಿವಿ ನೋಡಿ, ಆರು ತಿಂಗಳಲ್ಲಿ ಮೊದಲನೇ ಸಲ ನಕ್ಕೆ ನಾನು. ಮನೆಗೆ ಹೋಗಿ ಅಮ್ಮನಿಗೆ, ಹೋಗ್ತೀನಿ ಕಣಮ್ಮ, ಪರವಾಗಿಲ್ಲ ಮನುಷ್ಯ, ಅಂದೆ. ಅವತ್ತು ನೀವು ಹತ್ತಕ್ಕೆ ಹತ್ತು ಒಡೆದಿದ್ರೆ ನಾನು ಹೊಳೆನರಸೀಪುರಕ್ಕೆ ಬರ್ತಾನೇ ಇರಲಿಲ್ಲ."

ಭಾವ ಅವಳನ್ನೇ ನೋಡಿದರು. ತಿದ್ದುವುದಕ್ಕೆ ಅವಳ ಮಾತಿನಲ್ಲಿ ಏನೂ ಸಿಗಲಿಲ್ಲವೆಂದು ಕಾಣುತ್ತದೆ.

ಅಂಗಡಿಯವಳು ಕೊನೆಯ ಗುಂಡನ್ನು ಅಂಗೈಯಲ್ಲಿ ಹಿಡಿದು ಕಾಯುತ್ತಿದ್ದಳು. "ಸಾ, ಇನ್ನೊಂದೈತೆ. ಒಡೀರಿ."

ಭಾವ ಆ ಗುಂಡನ್ನು ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಬಂದೂಕನ್ನು ಅವಳ ಕೈಗೆ ಕೊಟ್ಟರು.

"ಬೇಡಮ್ಮ" ಎಂದರು. "ಅಕಸ್ಮಾತ್ ತಗಲಿಬಿಟ್ಟರೆ ಕಷ್ಟ."